ಮುರಿಯುವುದು ಬೀಗವಲ್ಲ, ಬೀಗದ ಪಕ್ಕದ ಮರ

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ 30x40 ಸೈಟಿನ ಮನೆ, ಕಟ್ಟಿ 15 ವರ್ಷವಾಯಿತು. ತಲೆಬಾಗಿಲಿಗೆ ತೇಗದ ಚೌಕಟ್ಟು, ಸನ್‌ಮೈಕಾ ಅಂಟಿಸಿದ ಫ್ಲಶ್ ಡೋರ್. ಹೊರಗೆ ಆಲ್ಡ್ರಾಪ್‌ಗೆ (ಬೀಗ ಹಾಕುವ ಕಬ್ಬಿಣದ ಅಗುಳಿ) ಬೀಗ, ಜೊತೆಗೊಂದು ನೈಟ್ ಲ್ಯಾಚ್. ಹೋದ ತಿಂಗಳು ನಮ್ಮ ಸಾಲಿನಲ್ಲೇ ಒಂದು ಮನೆಯವರು ಮದುವೆಗೆ ಹೋಗಿದ್ದಾಗ ಬಾಗಿಲು ಮೀಟಿ ಕಳ್ಳತನ ಮಾಡಿದರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಹಾರ್ಡ್‌ವೇರ್ ಅಂಗಡಿಯವರು 18,000 ರೂಪಾಯಿಯ ಡಿಜಿಟಲ್ ಲಾಕ್ ಹಾಕಿಸಿ ಅನ್ನುತ್ತಾರೆ. ನಮ್ಮ ಯಜಮಾನರು ಬಾಗಿಲನ್ನೇ ಕಿತ್ತು ಸ್ಟೀಲ್ ಡೋರ್ ಹಾಕಿಸೋಣ ಅನ್ನುತ್ತಾರೆ. ಅಮೆರಿಕದಲ್ಲಿರುವ ತಮ್ಮ 3 ಇಂಚಿನ ಸ್ಕ್ರೂ ಹಾಕಿದರೆ ಸಾಕು ಅಂತ ಒಂದು ವಿಡಿಯೊ ಕಳಿಸಿದ್ದಾನೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಮನೆಯಲ್ಲಿ 74 ವರ್ಷದ ಅತ್ತೆ ಒಬ್ಬರೇ. 25,000 ರೂಪಾಯಿಯೊಳಗೆ ಏನು ಮಾಡಬಹುದು? ಕಳ್ಳರು ಮನಸ್ಸು ಮಾಡಿದರೆ ಹೇಗಿದ್ದರೂ ಬರುತ್ತಾರೆ, ಸುಮ್ಮನೆ ಖರ್ಚು ಅನ್ನುವವರೂ ಇದ್ದಾರೆ. ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಮನೆಗೆ ಬೀಗ ಹಾಕಿ ಹೋದಾಗ ಯಾರಾದರೂ ಬಾಗಿಲು ಮೀಟಿದರೆ ಅನ್ನುವುದು ಒಂದು. ಅತ್ತೆಯವರು ಒಬ್ಬರೇ ಇದ್ದಾಗ ಯಾರಾದರೂ ನುಗ್ಗಿದರೆ ಅನ್ನುವುದು ಇನ್ನೊಂದು. ಎರಡಕ್ಕೂ ಮದ್ದು ಒಂದೇ ಅಲ್ಲ, ಕೆಲವೊಮ್ಮೆ ಒಂದರ ಮದ್ದು ಇನ್ನೊಂದಕ್ಕೆ ವಿಷವೂ ಆಗುತ್ತದೆ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ಕೊನೆಯ ಮಾತು: ಕಳ್ಳ ಹೇಗಿದ್ದರೂ ಬರುತ್ತಾನೆ ಅನ್ನುವುದು. ಅರ್ಧ ನಿಜ. ಒಡೆಯಲಾಗದ ಬಾಗಿಲು ಅಂತ ಯಾವುದೂ ಇಲ್ಲ. ಯುರೋಪಿನಲ್ಲಿ ಬಾಗಿಲುಗಳಿಗೆ ಇಎನ್ 1627 ಅಂತ ಒಂದು ಮಾನದಂಡವಿದೆ. ಅದರಲ್ಲಿ ಆರ್‌ಸಿ 2 ದರ್ಜೆಯ ಬಾಗಿಲು ಸ್ಕ್ರೂಡ್ರೈವರ್, ಬೆಣೆಯಂಥ ಸಣ್ಣ ಸಲಕರಣೆಗಳ ಎದುರು 3 ನಿಮಿಷ ತಡೆಯಬೇಕು. ಆರ್‌ಸಿ 3 ದರ್ಜೆಯದು ಹಾರೆಕೋಲಿನ ಎದುರು 5 ನಿಮಿಷ. ದುಬಾರಿ ಬಾಗಿಲುಗಳ ಭರವಸೆಯೂ ಅಷ್ಟೇ, ನಿಮಿಷಗಳ ಲೆಕ್ಕದ್ದು. ಆದರೆ ಸಾಲುಮನೆಗಳ ಬೀದಿಯಲ್ಲಿ ಹೊಸ್ತಿಲ ಮುಂದೆ ನಿಂತು ಸದ್ದು ಮಾಡುತ್ತಾ ಕಳೆಯುವ 3 ನಿಮಿಷ ಕಳ್ಳನಿಗೆ ಬಹಳ ದೀರ್ಘ. ನಿಮ್ಮ ಈಗಿನ ಬಾಗಿಲು ಬಹುಶಃ ಅರ್ಧ ನಿಮಿಷದ್ದು. ಅದನ್ನು ಮೂರ್ನಾಲ್ಕು ನಿಮಿಷಕ್ಕೆ ಏರಿಸಲು ಹೊಸ ಬಾಗಿಲು ಬೇಕಾಗಿಲ್ಲ.

ಆ ಮಾನದಂಡದಲ್ಲಿ ಇನ್ನೊಂದು ಸಂಗತಿಯಿದೆ. ಅಲ್ಲಿ ಬೀಗವೊಂದನ್ನೇ ಪರೀಕ್ಷಿಸುವುದಿಲ್ಲ. ಕದ, ಚೌಕಟ್ಟು, ತಿರುಗಣಿ, ಬೀಗ ಎಲ್ಲವನ್ನೂ ಕೂಡಿಸಿ ನಿಲ್ಲಿಸಿ ಪರೀಕ್ಷಿಸುತ್ತಾರೆ. ನಮ್ಮಲ್ಲಿ ಆಗುವ ಎಡವಟ್ಟು ಇಲ್ಲೇ. ಅಂಗಡಿಗೆ ಹೋದವರು ಬೀಗದ ಬಗ್ಗೆ ಮಾತ್ರ ಕೇಳುತ್ತಾರೆ, ಅಂಗಡಿಯವರೂ ಬೀಗವನ್ನೇ ಮಾರುತ್ತಾರೆ.

ಕಳ್ಳತನವಾದ ಮನೆಗೆ ಬಾಗಿಲು ಸರಿಮಾಡಲು ಹೋದಾಗ ನನಗೆ ಸಾಮಾನ್ಯವಾಗಿ ಕಾಣುವ ನೋಟ ಹೀಗಿರುತ್ತದೆ: ಬೀಗ ಹಾಕಿದಂತೆಯೇ ಇದೆ, ಒಂದು ಗೀರೂ ಬಿದ್ದಿಲ್ಲ. ಬೀಗದ ಸಮೇತ ಕೊಂಡಿ ನೆಲದ ಮೇಲೆ ಬಿದ್ದಿದೆ. ಕೊಂಡಿಯಲ್ಲಿ ನಾಲ್ಕು ಸ್ಕ್ರೂ ಹಾಗೇ ಇವೆ, ಅವುಗಳ ಎಳೆಗಳಲ್ಲಿ ಮರದ ನಾರು ಸಿಕ್ಕಿಕೊಂಡಿದೆ. ಸ್ಕ್ರೂ ಉದ್ದ ಮುಕ್ಕಾಲು ಇಂಚು. ಕೊಂಡಿಯೊಳಗೆ ರಾಡ್ ತೂರಿಸಿ ಒಂದು ಸಲ ತಿರುವಿದ್ದಾರೆ, ಮರ ಬಿಟ್ಟುಕೊಟ್ಟಿದೆ. ಮರುದಿನ ಪತ್ರಿಕೆಯಲ್ಲಿ ‘ಬೀಗ ಮುರಿದು ಕಳ್ಳತನ’ ಅಂತ ಬರುತ್ತದೆ, ಮನೆಯವರು ಇನ್ನೂ ದೊಡ್ಡ ಬೀಗ ತಂದು ಅದೇ ಮುಕ್ಕಾಲು ಇಂಚಿನ ಸ್ಕ್ರೂಗೆ ನೇತುಹಾಕುತ್ತಾರೆ. ಬೀಗದ ಮೇಲೆ ಬರೆದಿರುವ 7 ಲಿವರ್, 8 ಲಿವರ್ ಅನ್ನುವುದು ಕಳ್ಳಕೀಲಿ ಹಾಕಿ ತೆರೆಯುವುದು ಎಷ್ಟು ಕಷ್ಟ ಅನ್ನುವುದರ ಲೆಕ್ಕ. ಕಿತ್ತುಹಾಕುವವನಿಗೆ ಆ ಲೆಕ್ಕ ಯಾಕೆ ಬೇಕು?

ನಿಮ್ಮ ಆಲ್ಡ್ರಾಪ್ ಇವತ್ತೇ ನೋಡಿ. ಸ್ಕ್ರೂ ಹಾಕಿ ಕೂರಿಸಿದ್ದರೆ ತೆಗೆಸಿ, ಕದದ ಆಚೆಯಿಂದ ಈಚೆಗೆ ತೂರಿ ಬರುವ ನಟ್-ಬೋಲ್ಟ್ ಹಾಕಿಸಿ. ಬೋಲ್ಟಿನ ಗುಂಡುತಲೆ ಹೊರಗೆ, ನಟ್ ಒಳಗೆ. ನಟ್ಟಿನಡಿ ಅಗಲವಾದ ವಾಷರ್ ಅಥವಾ ಒಂದು ಕಬ್ಬಿಣದ ಪಟ್ಟಿ ಇರಲಿ. ಚೌಕಟ್ಟಿನ ಕಡೆಯ ಬಳೆಗೂ ಇದೇ ಮಾತು. ಇಡೀ ಪತ್ರದಲ್ಲಿ ನಾನು ಹೇಳುವ ಕೆಲಸಗಳಲ್ಲಿ ಅತಿ ಅಗ್ಗದ್ದು ಇದು. ಬೀಗ ಕೊಳ್ಳುವುದಾದರೆ ಕಟರ್ ಬಾಯಿಗೆ ಸಿಗದಂತೆ ಕಂಬಿ ಬಹುಪಾಲು ಮೈಯೊಳಗೇ ಅಡಗಿರುವ ಮಾದರಿ ಕೇಳಿ.

ಇನ್ನು ತಮ್ಮನ ವಿಡಿಯೊ. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅಮೆರಿಕದ ಬಾಗಿಲಿಗೆ ಹೇಳಿದ್ದು. ಅಲ್ಲಿನ ಮನೆಗಳಲ್ಲಿ ಬಾಗಿಲ ಚೌಕಟ್ಟು ಅಂದರೆ ಸುಮಾರು ಮುಕ್ಕಾಲು ಇಂಚು ದಪ್ಪದ ಹಲಗೆ. ಅದರ ಹಿಂದೆ ಸ್ವಲ್ಪ ಖಾಲಿ ಜಾಗ, ಆಮೇಲೆ ಗೋಡೆಯ ಮರದ ಕಂಬ. 3 ಇಂಚಿನ ಸ್ಕ್ರೂ ಆ ಹಲಗೆಯನ್ನು ದಾಟಿ ಕಂಬವನ್ನು ಹಿಡಿಯುತ್ತದೆ, ಅದಕ್ಕೇ ಅಲ್ಲಿ ಅದು ಪವಾಡದಂತೆ ಕೆಲಸ ಮಾಡುತ್ತದೆ. ನಮ್ಮ ಚೌಕಟ್ಟು 5x3 ಅಥವಾ 4x3 ಇಂಚಿನ ಗಟ್ಟಿ ಮರ, ಹಿಂದೆ ಇಟ್ಟಿಗೆ. ಚೌಕಟ್ಟಿನೊಳಗೆ 2 ಇಂಚು ಇಳಿದ ಸ್ಕ್ರೂ ಸಾಕಷ್ಟು ಹಿಡಿಯುತ್ತದೆ. ಅದಕ್ಕಿಂತ ಉದ್ದದ್ದರ ತುದಿ ಇಟ್ಟಿಗೆಗೆ ತಗುಲಿದರೂ ಪ್ಲಗ್ ಇಲ್ಲದೆ ಪುಡಿ ಮಾಡುತ್ತದೆಯೇ ಹೊರತು ಹಿಡಿತ ಕೊಡುವುದಿಲ್ಲ. ತಮ್ಮನಿಗೆ ಹೇಳಿ: ಉದ್ದ ಸ್ಕ್ರೂ ಸರಿ, ಅಳತೆ ನಮ್ಮ ಊರಿನದು ಇರಲಿ.

ಈಗ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಬಾಗಿಲ ಹತ್ತಿರ ಬನ್ನಿ. ನೈಟ್ ಲ್ಯಾಚಿನ ನಾಲಿಗೆ ಹೋಗಿ ಕೂರುವ, ಚೌಕಟ್ಟಿನ ಮೇಲಿನ ಆ ಚಿಕ್ಕ ತಗಡಿನಿಂದ ಒಂದು ಸ್ಕ್ರೂ ಬಿಚ್ಚಿ ಅಂಗೈಯಲ್ಲಿಟ್ಟು ನೋಡಿ. ಅರ್ಧ, ಮುಕ್ಕಾಲು ಇಂಚು ಇದ್ದರೆ ನನಗೆ ಆಶ್ಚರ್ಯವಿಲ್ಲ. ತಗಡು ಪೂರ್ತಿ ತೆಗೆದರೆ ಹಿಂದೆ ಬಡಗಿ ಉಳಿಯಿಂದ ಕೆತ್ತಿದ ಗುಳಿ ಕಾಣುತ್ತದೆ. ಸಾಮಾನ್ಯವಾಗಿ ನಾಲಿಗೆಗೆ ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದು. ಗುಳಿಗೂ ಚೌಕಟ್ಟಿನ ಅಂಚಿಗೂ ನಡುವೆ ಉಳಿದಿರುವ ಮರ ಎಷ್ಟು ಅಂತ ಬೆರಳಿಟ್ಟು ನೋಡಿ. ಒದ್ದಾಗ, ಮೀಟಿದಾಗ ಇಡೀ ಭಾರ ಬೀಳುವುದು ಆ ಅರ್ಧ ಇಂಚು ಮರದ ಮೇಲೆ. ಅದು ಎಳೆಯುದ್ದಕ್ಕೆ ಸೀಳಿಹೋಗುತ್ತದೆ. 18,000ದ ಲಾಕ್ ಹಾಕಿದರೂ ಅದರ ನಾಲಿಗೆ ಹೋಗಿ ಕೂರುವುದು ಇದೇ ಗುಳಿಯಲ್ಲಿ.

ಇದಕ್ಕೆ ಪರಿಹಾರ ಯಾವುದೇ ವೆಲ್ಡಿಂಗ್ ಅಂಗಡಿಯಲ್ಲಿ ಆಗುತ್ತದೆ. 3 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ, ಸುಮಾರು ಒಂದಡಿ ಉದ್ದ, ಚೌಕಟ್ಟಿನ ಮೂಲೆಗೆ ಕೂರುವಂತೆ ಎಲ್ ಆಕಾರಕ್ಕೆ ಬಾಗಿಸಿ, ನಾಲಿಗೆಗೆ ಸರಿಯಾಗಿ ಅಷ್ಟೇ ಅಳತೆಯ ಕಂಡಿ ಕೊರೆಸಿ. ಆರೇಳು ಸ್ಕ್ರೂ, 2 ಇಂಚಿನವು, ಒಂದೇ ಗೆರೆಯಲ್ಲಿ ಬಾರದಂತೆ ಅತ್ತಿತ್ತ ಸರಿಸಿ ಹಾಕಬೇಕು, ಇಲ್ಲದಿದ್ದರೆ ಆ ಗೆರೆಯಲ್ಲೇ ಮರ ಸೀಳುತ್ತದೆ. ಮೊದಲು ಸಣ್ಣ ಡ್ರಿಲ್ ಬಿಟ್ಟಿನಿಂದ ತೂತು ತೆಗೆಯದೆ ತೇಗಕ್ಕೆ ಸ್ಕ್ರೂ ಹೊಡೆಯಲು ಬಿಡಬೇಡಿ. ಸುತ್ತಿಗೆಯಿಂದ ಸ್ಕ್ರೂ ಬಡಿಯುವ ಬಡಗಿಗಳಿದ್ದಾರೆ. ಅಂಥವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ. ಪಟ್ಟಿಗೆ ಚೌಕಟ್ಟಿನ ಬಣ್ಣ ಹೊಡೆದರೆ ಕಣ್ಣಿಗೆ ಬೀಳುವುದಿಲ್ಲ. ಒದೆತದ ಭಾರ ಅರ್ಧ ಇಂಚು ಮರದ ಬದಲು ಒಂದಡಿ ಉದ್ದಕ್ಕೆ ಹಂಚಿಹೋಗುತ್ತದೆ.

ಇಷ್ಟು ಮಾಡಿದ ಮೇಲೆ ಪ್ರಶ್ನೆ ಚೌಕಟ್ಟು ಗೋಡೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನುವುದು. ನಿಯಮದಂತೆ ಕಟ್ಟಿದ್ದರೆ ಚೌಕಟ್ಟಿನ ಒಂದೊಂದು ಪಕ್ಕಕ್ಕೂ ಮೂರು ಕಬ್ಬಿಣದ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿಸುವ ಪಟ್ಟಿ) ಹೊಡೆದು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತಿರುತ್ತಾರೆ. ಆಮೇಲೆ ಬದಲಾಯಿಸಿದ ಚೌಕಟ್ಟುಗಳಲ್ಲಿ ಇದು ಇರುವುದೇ ಅಪರೂಪ. ಮರದ ಬೆಣೆ, ಮೊಳೆ, ಮೇಲೊಂದಿಷ್ಟು ಗಾರೆ, ಅಷ್ಟೇ. ನಿಮ್ಮದು ಯಾವ ಜಾತಿ ಅಂತ ತಿಳಿಯಲು ಬಾಗಿಲು ಹಾಕಿ, ಹೊರಗಿನಿಂದ ಬೀಗದ ಎತ್ತರದಲ್ಲಿ ಅಂಗೈಯಿಟ್ಟು ಭುಜದ ಬಲ ಹಾಕಿ ನೂಕಿ. ಒಳಗೆ ಒಬ್ಬರು ಚೌಕಟ್ಟು ಮತ್ತು ಗೋಡೆ ಕೂಡುವ ಗೆರೆಯನ್ನು ನೋಡುತ್ತಿರಲಿ. ಮೇಲಿಂದ ಕೆಳಗೆ ಬಿರುಕು ಓಡಿದ್ದರೆ, ಆ ಗೆರೆ ಉಸಿರಾಡಿದಂತೆ ಅಗಲವಾಗಿ ಮುಚ್ಚುತ್ತಿದ್ದರೆ ಹಿಡಿತ ಸಡಿಲವಾಗಿದೆ. ಹಾಗಿದ್ದರೆ ಚೌಕಟ್ಟಿನ ಮೂಲಕವೇ ಗೋಡೆಗೆ 10 ಮಿಲಿಮೀಟರಿನ ಉದ್ದನೆಯ ಫ್ರೇಮ್ ಆಂಕರ್ ಹಾಕಿಸಬೇಕು, ಪಕ್ಕಕ್ಕೆ ನಾಲ್ಕರಂತೆ, ಅದರಲ್ಲೂ ಬೀಗ ಮತ್ತು ತಿರುಗಣಿಗಳ ಹತ್ತಿರ. ಇಟ್ಟಿಗೆಯೊಳಗೆ ಎರಡೂವರೆ ಇಂಚಾದರೂ ಇಳಿಯಬೇಕು, ಸಂದಿನ ಗಾರೆಗೆ ಬೀಳಬಾರದು. ಗೋಡೆ ಹಾಲೋ ಬ್ಲಾಕ್ ಅಥವಾ ಹಗುರವಾದ ಎಎಸಿ ಬ್ಲಾಕಿನದಾದರೆ ಮಾಮೂಲಿ ಆಂಕರ್ ನಿಲ್ಲುವುದಿಲ್ಲ, ತೂತಿಗೆ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬೇಕು.

ಅದಕ್ಕೂ ಮುಂಚೆ ಚೌಕಟ್ಟಿನ ಬುಡವನ್ನು, ನೆಲದಿಂದ ಒಂದು ಗೇಣಿನವರೆಗೆ, ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ಗೆದ್ದಲು ಊಟ ಮುಗಿಸಿರುತ್ತದೆ. ಒಳ್ಳೆಯ ತೇಗದ ತಿರುಳಿಗೆ ಗೆದ್ದಲು ಸುಲಭಕ್ಕೆ ಹಿಡಿಯುವುದಿಲ್ಲ, ಆದರೆ ತೇಗವೆಂದು ಕೊಂಡದ್ದರಲ್ಲಿ ತಿರುಳಿನ ಸುತ್ತಲಿನ ಬಿಳಿಮರ ಎಷ್ಟಿತ್ತೋ ಯಾರು ಕಂಡರು. ಚುಚ್ಚಿದ್ದು ಒಳಗೆ ಇಳಿದರೆ ಮೇಲೆ ಹೇಳಿದ್ದನ್ನೆಲ್ಲ ನಿಲ್ಲಿಸಿ, ಮೊದಲು ಚೌಕಟ್ಟು ಬದಲಿಸಿ.

ಕದದ ವಿಷಯ ಬೇಗ ಮುಗಿಸುತ್ತೇನೆ. ಬೆರಳಿನ ಗಂಟಿನಿಂದ ಅಲ್ಲಲ್ಲಿ ತಟ್ಟಿ ನೋಡಿ. ಡೋಲಿನಂತೆ ಟೊಳ್ಳು ಸದ್ದು ಬಂದರೆ ಅದು ಮಲಗುವ ಕೋಣೆಗೆ ಹಾಕುವ ಬಾಗಿಲು, ಬದಲಾಯಿಸಿ. ಐಎಸ್ 2202 ಅನ್ನುವ ಭಾರತೀಯ ಮಾನದಂಡದ ಗುರುತಿರುವ, ಒಳಗೆ ಗಟ್ಟಿ ಮರ ತುಂಬಿದ, 35 ಮಿಲಿಮೀಟರಿಗೆ ಕಡಿಮೆಯಿಲ್ಲದ ಫ್ಲಶ್ ಡೋರ್ ಕೇಳಿ. ಗಟ್ಟಿ ಸದ್ದು ಬಂದರೆ ಅದೇ ಇರಲಿ. ತಿರುಗಣಿಗಳ ಸ್ಕ್ರೂಗಳನ್ನೂ ಬಿಚ್ಚಿ, ಚೌಕಟ್ಟಿನ ಕಡೆಯವನ್ನು 2 ಇಂಚಿನವಕ್ಕೆ ಬದಲಿಸಿ.

ಹೊಸ ಬೀಗ ಬೇಕೇ? ಬೇಕು. ನಿಮ್ಮ ನೈಟ್ ಲ್ಯಾಚಿನ ನಾಲಿಗೆ ಇಳಿಜಾರಿನದು, ಸ್ಪ್ರಿಂಗ್ ಮೇಲೆ ನಿಂತದ್ದು. ಬಾಗಿಲೆಳೆದು ಹೊರಟುಬಿಟ್ಟರೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಹಿಂದಕ್ಕೆ ಸರಿಸಬಹುದು. ಅನೇಕ ಮಾದರಿಗಳಲ್ಲಿ ಹೊರಗಿನಿಂದ ಕೀಲಿ ಇನ್ನೊಂದು ಸುತ್ತು ತಿರುಗಿಸಿದರೆ ನಾಲಿಗೆ ಕಚ್ಚಿಕೊಳ್ಳುತ್ತದೆ. ಆ ಎರಡನೇ ಸುತ್ತನ್ನು ತಿರುಗಿಸುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಇದರ ಜೊತೆಗೆ ಡೆಡ್‌ಬೋಲ್ಟ್ ಇರುವ ಬೀಗ ಹಾಕಿಸಿ. ಚಪ್ಪಟೆ ತುದಿಯ ಗಟ್ಟಿ ನಾಲಿಗೆ, ಚೌಕಟ್ಟಿನೊಳಗೆ 1 ಇಂಚು ಹೋಗುವಂಥದು. ಕದದ ಹೊಟ್ಟೆ ಕೊರೆದು ಕೂರಿಸುವ ಮಾರ್ಟಿಸ್ ಲಾಕಿಗಿಂತ ಒಳಮುಖದ ಮೇಲೆ ಕೂರಿಸುವ ರಿಮ್ ಲಾಕ್ ನಿಮ್ಮ ಬಾಗಿಲಿಗೆ ಮೇಲು ಅಂತ ನನ್ನ ಅಭಿಪ್ರಾಯ. ನೋಡಲು ಅಷ್ಟು ಅಂದವಿಲ್ಲ, ನಿಜ. ಆದರೆ 32 ಮಿಲಿಮೀಟರಿನ ಕದದಲ್ಲಿ ಮಾರ್ಟಿಸ್ ಪೆಟ್ಟಿಗೆಗೆ ಜಾಗ ಕೊರೆದ ಮೇಲೆ ಎರಡೂ ಕಡೆ ಉಳಿಯುವ ಮರ ಬಿಸ್ಕತ್ತಿನ ದಪ್ಪ. ಮಾರ್ಟಿಸೇ ಬೇಕೆಂದರೆ ಸಿಲಿಂಡರ್, ಅಂದರೆ ಕೀಲಿ ತೂರಿಸುವ ಭಾಗ, ಬಾಗಿಲ ಹೊರಗೆ ಚಾಚಿಕೊಂಡಿರದಂತೆ ನೋಡಿಕೊಳ್ಳಿ. ಹೊರಗೆ ಇಕ್ಕಳಕ್ಕೆ ಸಿಗುವಷ್ಟು ಮೂತಿ ಇದ್ದರೆ ಹಿಡಿದು ಬಾಗಿಸಿ, ನಡುವಿನ ಸ್ಕ್ರೂ ತೂತಿನ ಹತ್ತಿರ ಮುರಿಯುತ್ತಾರೆ. ಅದರ ದುರ್ಬಲ ಜಾಗ ಅದೇ. ಕದದ ದಪ್ಪ ಅಳೆದು ಸಿಲಿಂಡರ್ ಕೊಳ್ಳಬೇಕು, ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನಲ್ಲ.

ಡಿಜಿಟಲ್ ಲಾಕ್ ಕೆಟ್ಟದ್ದೇನಲ್ಲ. ಬೀಗದ ಕೈಯನ್ನು ಶೂ ಸ್ಟ್ಯಾಂಡಿನಲ್ಲೋ ಮೀಟರ್ ಬಾಕ್ಸಿನ ಮೇಲೋ ಇಟ್ಟು ಹೋಗುವ ಚಾಳಿ ಅದರಿಂದ ತಪ್ಪುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಮೀಟುವವನಿಗೆ ಅದೂ ಒಂದು ನಾಲಿಗೆಯಷ್ಟೇ. ಮಳೆಗಾಲದಲ್ಲಿ ಮರ ಉಬ್ಬಿ ಕದ ಬಿಗಿಯಾದರೆ ನಾಲಿಗೆ ಗುಳಿಗೆ ಕೂರದೆ ಮೋಟಾರ್ ಒದ್ದಾಡುತ್ತದೆ. ವಯಸ್ಸಾದವರ ಬೆರಳಚ್ಚು ಸವೆದಿರುವುದರಿಂದ ಅತ್ತೆಯವರ ಬೆರಳು ಅದಕ್ಕೆ ಹತ್ತದೇ ಇರಬಹುದು. ಅಂದಹಾಗೆ ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಬಡಗಿಯನ್ನು ಕರೆಸಿ ಹತರಿ ಹೊಡೆಸಬೇಡಿ. ಬೇಸಿಗೆಗೆ ಮರ ಒಣಗಿದಾಗ ರಾಡಿನ ತುದಿ ತೂರುವಷ್ಟು ಸಂದು ಉಳಿಯುತ್ತದೆ.

ಸ್ಟೀಲ್ ಡೋರ್ ಬಗ್ಗೆ ನಿಮ್ಮ ಯಜಮಾನರಿಗೆ ಎರಡು ಮಾತು. ಷೋರೂಮಿನಲ್ಲಿ ನಿಂತ ಬಾಗಿಲು ಗಟ್ಟಿಯಾಗಿಯೇ ಕಾಣುತ್ತದೆ, ಮೂರು ಕಡೆಯಿಂದ ನಾಲಿಗೆ ಹೊರಬರುವ ಬೀಗವೂ ನಿಜಕ್ಕೂ ಒಳ್ಳೆಯದು. ಆದರೆ ಅಗ್ಗದ ಮಾದರಿಗಳಲ್ಲಿ ಎರಡು ಕಡೆ 1 ಮಿಲಿಮೀಟರಿನ ಆಸುಪಾಸಿನ ತಗಡು, ನಡುವೆ ಜೇನುಗೂಡಿನಂತೆ ಮಡಚಿದ ಕಾಗದ. ಅದಕ್ಕಿಂತ ದೊಡ್ಡ ತೊಂದರೆ ಚೌಕಟ್ಟಿನದು. ಸ್ಟೀಲ್ ಚೌಕಟ್ಟಿನ ಟೊಳ್ಳಿಗೆ ಸಿಮೆಂಟ್ ತುಂಬಿಸಬೇಕು. ಫೋಮ್ ಹೊಡೆದು ನಾಲ್ಕು ಸ್ಕ್ರೂ ಹಾಕಿ ಹೋದರೆ ಹಾರೆ ಇಟ್ಟಾಗ ಚೌಕಟ್ಟೇ ಅಗಲವಾಗಿ ನಾಲಿಗೆ ಜಾರುತ್ತದೆ. ಎಲ್ಲ ಸರಿಯಾಗಿ ಮಾಡಿಸಿದರೆ ನಿಮ್ಮ 25,000 ದಾಟಿಹೋಗುತ್ತದೆ. ಗಟ್ಟಿ ತೇಗದ ಚೌಕಟ್ಟನ್ನು ಒಡೆದು ಇದನ್ನು ತರುವುದು ನನಗೆ ಸರಿ ಕಾಣುವುದಿಲ್ಲ.

ಆ ಹಣಕ್ಕೆ ನಾನಾದರೆ ತಲೆಬಾಗಿಲ ಮುಂದೆ ಒಂದು ಕಬ್ಬಿಣದ ಗ್ರಿಲ್ ಬಾಗಿಲು ಹಾಕಿಸುತ್ತೇನೆ. ಕಳ್ಳನಿಗೆ ಎರಡು ಕೆಲಸ, ಎರಡು ಸಲ ಸದ್ದು. ಅದಕ್ಕಿಂತ ಮುಖ್ಯವಾಗಿ, ಇದು ನಿಮ್ಮ ಅತ್ತೆಯವರ ಕಷ್ಟಕ್ಕೆ ಮದ್ದು. ಹಗಲು ಹೊತ್ತು ಒಬ್ಬರೇ ಇರುವ ಹಿರಿಯರ ಮನೆಗೆ ಬರುವವರು ಬಾಗಿಲು ಒಡೆಯುವ ಗೋಜಿಗೇ ಹೋಗುವುದಿಲ್ಲ. ಗ್ಯಾಸ್ ಚೆಕ್ ಮಾಡಬೇಕು, ಒಡವೆಗೆ ಪಾಲಿಶ್ ಹಾಕಿ ಕೊಡುತ್ತೇವೆ, ಒಂದು ಲೋಟ ನೀರು ಕೊಡಿ ಅಮ್ಮ ಅನ್ನುತ್ತಾರೆ. ಬಾಗಿಲು ಒಳಗಿನಿಂದ ತೆರೆದುಕೊಳ್ಳುತ್ತದೆ. ಗ್ರಿಲ್ ಇದ್ದರೆ ಮರದ ಬಾಗಿಲು ತೆರೆದಿಟ್ಟು, ಗಾಳಿ ಬೆಳಕು ಬಿಟ್ಟುಕೊಂಡು, ಗ್ರಿಲ್ ಹಾಕಿಕೊಂಡೇ ಮಾತಾಡಿ ಕಳಿಸಬಹುದು. ಒಳಗಿನ ಸರಪಳಿಯನ್ನು ನಂಬಬೇಡಿ, ಭುಜ ಕೊಟ್ಟು ನೂಕಿದರೆ ಸ್ಕ್ರೂ ಸಮೇತ ಕಿತ್ತುಬರುತ್ತದೆ.

ಗ್ರಿಲ್ ಮಾಡಿಸುವಾಗ ವೆಲ್ಡರ್ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಗೂಟದ ಮೇಲೆ ಕೂರಿಸುವ ತಿರುಗಣಿಯಾದರೆ ಗೇಟನ್ನು ಮೇಲಕ್ಕೆತ್ತಿ ಕಳಚಬಹುದು. ಇಬ್ಬರಿದ್ದರೆ ಸಾಕು, ಬೀಗ ಮುಟ್ಟುವುದೇ ಬೇಡ. ಮುಚ್ಚಿದಾಗ ಮೇಲೆತ್ತಲು ಬಾರದಂತೆ ಒಂದು ತುಂಡು ಅಡ್ಡ ವೆಲ್ಡ್ ಮಾಡಿಸಿ. ನೇತಾಡುವ ಬೀಗದ ಬದಲು ಗ್ರಿಲ್ಲಿನೊಳಗೇ ಕೂರುವ ಬೀಗ ಹಾಕಿಸಿ. ಹೊರಗೆ ತೂಗುವ ಬೀಗ ‘ಮನೆಯಲ್ಲಿ ಯಾರೂ ಇಲ್ಲ’ ಅಂತ ಬೀದಿಗೆಲ್ಲ ಸಾರುತ್ತದೆ, ಬೆಳಿಗ್ಗೆ ರಂಗೋಲಿ ಇಲ್ಲದ ಅಂಗಳದ ಹಾಗೆಯೇ. ಇನ್ನು ಆ ಬೀಗ ಒಳಗಿನಿಂದ ಕೀಲಿಯಿಲ್ಲದೆ, ಕೈಯಿಂದ ತಿರುಗಿಸಿ ತೆರೆಯುವಂತಿರಲಿ. ಹೊರಗಿನವರ ಕೈ ಅಲ್ಲಿಗೆ ತಲುಪದಂತೆ ಬೀಗದ ಸುತ್ತ ಸಾಕಷ್ಟು ಅಗಲಕ್ಕೆ ತಗಡು ಹೊಡೆಸಿ.

ಈ ಕೊನೆಯದರಲ್ಲಿ ರಾಜಿ ಬೇಡ. ರಾತ್ರಿ ಗ್ರಿಲ್ಲಿಗೆ ಒಳಗಿನಿಂದ ಬೀಗ ಜಡಿದು ಕೀಲಿ ಎಲ್ಲೋ ಇಟ್ಟು ಮಲಗುವ ಮನೆಗಳನ್ನು ಕಂಡರೆ ನನಗೆ ಕಳ್ಳನಿಗಿಂತ ಹೆಚ್ಚು ಹೆದರಿಕೆ. ಶಾರ್ಟ್ ಸರ್ಕ್ಯೂಟ್ ಆಗಿಯೋ ಗ್ಯಾಸ್ ಸೋರಿಯೋ ಬೆಂಕಿ ಹತ್ತಿಕೊಂಡರೆ, ಹೊಗೆಯ ಕತ್ತಲಲ್ಲಿ 74ರ ಅತ್ತೆಯವರು ಕೀಲಿ ಹುಡುಕಲು ಆಗುತ್ತದೆಯೇ? ಕಿಟಕಿಗಳಿಗೂ ಸರಳಿದ್ದರೆ ಹೊರಬರಲು ಉಳಿಯುವುದು ಆ ಬಾಗಿಲೊಂದೇ.

ಕಿಟಕಿ ಅಂದಾಗ ನೆನಪಾಯಿತು. ತಲೆಬಾಗಿಲ ಪಕ್ಕದಲ್ಲೇ ಕಿಟಕಿಯಿದ್ದು, ಅಲ್ಲಿಂದ ಕೋಲು ಹಾಕಿದರೆ ಒಳಚಿಲಕ ಸಿಗುವಂತಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಆ ಕಿಟಕಿಗೆ ಗಟ್ಟಿ ಜಾಲರಿ ಹಾಕಿಸಿ, ಇಲ್ಲವೇ ಚಿಲಕದ ಜಾಗ ಬದಲಿಸಿ.

ವಿಮೆ ಇದ್ದರೆ ಒಂದು ವಿಷಯ ಗಮನದಲ್ಲಿರಲಿ. ಕನ್ನಗಳವಿನ ಪಾಲಿಸಿಯಲ್ಲಿ ಬಲ ಪ್ರಯೋಗಿಸಿ ಒಳನುಗ್ಗಿರಬೇಕು ಅಂತ ಷರತ್ತಿದ್ದರೆ, ಹಾಗೆ ನುಗ್ಗದ ಕಳ್ಳತನಕ್ಕೆ ಪರಿಹಾರ ಸಿಗದು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಹೂಕುಂಡದಡಿ ಇಟ್ಟ ಕೀಲಿಯಿಂದಲೋ ಎಲ್ಲರಿಗೂ ಗೊತ್ತಿರುವ ಪಿನ್ ಸಂಖ್ಯೆಯಿಂದಲೋ ಬಾಗಿಲು ತೆರೆದಿದ್ದರೆ ತೋರಿಸಲು ಒಂದು ಗೀರೂ ಇರುವುದಿಲ್ಲ. ಪಾಲಿಸಿಯ ಆ ಸಾಲನ್ನು ಓದಿಕೊಳ್ಳಿ. ಊರಿಗೆ ಹೋಗುವಾಗ ಠಾಣೆಗೊಂದು ಮಾತು ತಿಳಿಸಿ ಹೋದರೆ ಬೀಟ್‌ನವರು ಆ ಕಡೆ ಕಣ್ಣಿಡಬಹುದು. ಅತ್ತೆಯವರ ಫೋನಿನಲ್ಲಿ 112 ಒಂದೇ ಗುಂಡಿಗೆ ಸಿಗುವಂತೆ ಮಾಡಿಡಿ.

ಆಲ್ಡ್ರಾಪ್ ಬೋಲ್ಟು, ಎಲ್ ಪಟ್ಟಿ, ತಿರುಗಣಿ ಸ್ಕ್ರೂ, ಬೇಕಿದ್ದರೆ ಆಂಕರು ಬಡಗಿಗೆ ಹೆಚ್ಚೆಂದರೆ ಎರಡು ದಿನದ ಕೆಲಸ. ಆಮೇಲೆ ರಿಮ್ ಲಾಕ್, ಗ್ರಿಲ್. ಇವನ್ನು ಮುಗಿಸುವ ತನಕ ಕ್ಯಾಮೆರಾಕ್ಕೆ ದುಡ್ಡು ಹಾಕಬೇಡಿ. ಮಂಕಿ ಕ್ಯಾಪ್ ಹಾಕಿದ ಮುಖವೊಂದು ಸಿಗಬಹುದು, ಅಷ್ಟೆ. ನೀವು ಬರೆಯದೆ ಬಿಟ್ಟದ್ದು ಹಿತ್ತಿಲ ಬಾಗಿಲು. ಬಚ್ಚಲ ಪಕ್ಕ ಸಾಮಾನ್ಯವಾಗಿ ಪಿವಿಸಿ ಬಾಗಿಲು, ಅದಕ್ಕೊಂದು ಬೆರಳು ದಪ್ಪದ ಚಿಲಕ ಇರುತ್ತದೆ. ನಿಮ್ಮದೂ ಹಾಗಿದ್ದರೆ ಬಡಗಿಯನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ. ಅದಕ್ಕೆ ಗಟ್ಟಿ ಮರದ ಕದ ಹಾಕಿಸಿ, ಒಳಗಿನಿಂದ ಅಡ್ಡಲಾಗಿ ಒಂದು ಕಬ್ಬಿಣದ ಅಗುಳಿ ಕೂರಿಸಿ. ಹಿಂದೆ ಹಳ್ಳಿಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಮರದ ಅಗುಳಿ ಹಾಕುತ್ತಿದ್ದರಲ್ಲ, ಅದೇ ಏರ್ಪಾಡು. ಭಾರವೆಲ್ಲ ಗೋಡೆಗೆ ಹೋಗುತ್ತದೆ. ಹಿತ್ತಿಲ ಬಾಗಿಲನ್ನು ಹೊರಗಿನಿಂದ ತೆರೆಯುವ ಅಗತ್ಯವೇ ಇಲ್ಲದ್ದರಿಂದ ಅದಕ್ಕೆ ಕೀಲಿಯ ಬೀಗವೂ ಬೇಡ.